ಬಳ್ಳಾರಿ ಬಿಸಿಲಿಗೆ ಯಾವ ಡೆವಲಪರ್?

(ಫಿಲ್ಮ್ ಕ್ಯಾಮೆರಾ ಹಿಡಿದು ಓಡಾಡುವ ಬಳ್ಳಾರಿಯ ಹುಡುಗ ಹುಡುಗಿಯರ ಮುಂದೆ ಆಡಿದ ಮಾತು ಇದು. ಆಮೇಲೆ ಕೂತು ಬರೆದಿದ್ದೇನೆ. ಕೊನೆಗೆ ಅವರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಮ್ಮ ಬಳ್ಳಾರಿ ಬಿಸಿಲಲ್ಲಿ ಕಪ್ಪು ಬಿಳುಪು ಫಿಲ್ಮ್‌ಗೆ ಯಾವ ಡೆವಲಪರ್, ಅಂದರೆ ಫಿಲ್ಮ್ ಮೇಲೆ ಚಿತ್ರ ಮೂಡಿಸುವ ದ್ರಾವಣ, ಒಳ್ಳೆಯದು ಅನ್ನುವುದು ಇವತ್ತಿನ ಪ್ರಶ್ನೆ. ಉತ್ತರ ಮೊದಲೇ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಡಿ-76 ತಗೊಳ್ಳಿ. ಅದು ಸಿಗದಿದ್ದರೆ ಇಲ್ಫರ್ಡ್ ಕಂಪನಿಯವರ ಐಡಿ-11 ತಗೊಳ್ಳಿ, ಎರಡೂ ಹೆಚ್ಚೂಕಡಿಮೆ ಒಂದೇ. ಒಂದು ಪಾಲು ಡೆವಲಪರ್‌ಗೆ ಒಂದು ಪಾಲು ನೀರು ಬೆರೆಸಿ. 24 ಡಿಗ್ರಿಯಲ್ಲಿ ಫಿಲ್ಮ್ ತೊಳೆಯಿರಿ, ಅಂದರೆ ಡೆವಲಪ್ ಮಾಡಿ. ಒಂದು ವರ್ಷ ಬೇರೆ ಬಾಟಲಿ ಮುಟ್ಟಬೇಡಿ.

'ಪ್ಯಾಕೆಟ್ ಮೇಲೆ 20 ಡಿಗ್ರಿ ಅಂತ ಇದೆಯಲ್ಲ, ನೀವ್ಯಾಕೆ 24 ಅಂತೀರಿ' ಎಂದು ನೀವು ಕೇಳಬೇಕು. ಇವತ್ತಿನ ಮಾತು ಬಹುಪಾಲು ಆ ನಾಲ್ಕು ಡಿಗ್ರಿಯ ಸುತ್ತಲೇ ಇದೆ.

ಮೊದಲು ಡಿ-76 ಏನು ಅಂತ ನೋಡೋಣ. ಕೊಡಕ್ ಕಂಪನಿಯ ಜಾನ್ ಕ್ಯಾಪ್‌ಸ್ಟಾಫ್ ಎನ್ನುವವರು 1920ರ ದಶಕದಲ್ಲಿ ಸಿನಿಮಾ ಕೆಲಸಕ್ಕೆ ಅಂತ ಮಾಡಿದ ಸೂತ್ರ ಇದು. ಸಿನಿಮಾದವರಿಗೆ ಒಂದು ನೆಗೆಟಿವ್‌ನಿಂದ (ಬೆಳಕು ಕಪ್ಪಾಗಿ, ನೆರಳು ತಿಳಿಯಾಗಿ ಕಾಣುವ ತೊಳೆದ ಫಿಲ್ಮ್) ಇನ್ನೊಂದು ನಕಲು ನೆಗೆಟಿವ್ ತೆಗೆಯಬೇಕಿತ್ತು. ಹಾಗೆ ತೆಗೆಯುವಾಗ ಗ್ರೇನ್ (ಚಿತ್ರದಲ್ಲಿ ಕಾಣುವ ಸಣ್ಣ ಕಣಗಳು) ಜಾಸ್ತಿ ಆಗಬಾರದು, ನೆರಳಿನ ವಿವರ ಕಳೆದುಹೋಗಬಾರದು, ಕಾಂಟ್ರಾಸ್ಟ್ (ಬೆಳಕು ನೆರಳಿನ ಅಂತರ) ಏರಬಾರದು. ಆ ಕೆಲಸಕ್ಕೆ ಹುಟ್ಟಿದ್ದು 1927ರ ಹೊತ್ತಿಗೆ ಎಲ್ಲರ ಕೈಗೂ ಬಂತು, ಇವತ್ತಿಗೂ ಇದೆ. ನೂರು ವರ್ಷ ಆಗುತ್ತಾ ಬಂತು. ಹೊಸ ಡೆವಲಪರ್ ಯಾವುದೇ ಬರಲಿ, ಅದರ ಗ್ರೇನ್ ಹೇಗೆ, ಚಿತ್ರದ ಚುರುಕು (ಶಾರ್ಪ್‌ನೆಸ್) ಹೇಗೆ ಅಂತ ನೋಡುವುದು ಡಿ-76 ಪಕ್ಕದಲ್ಲಿ ಇಟ್ಟೇ. ಯಾವ ಕಪ್ಪು ಬಿಳುಪು ಫಿಲ್ಮ್ ಕೊಂಡರೂ ಸಾಮಾನ್ಯವಾಗಿ ಅದಕ್ಕೆ ಡಿ-76 ಅಥವಾ ಐಡಿ-11ರಲ್ಲಿ ಎಷ್ಟು ನಿಮಿಷ ಅಂತ ತಯಾರಕರೇ ಕೊಟ್ಟಿರುತ್ತಾರೆ. ಹೊಸದಾಗಿ ಕಲಿಯುವವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಇಲ್ಲ.

ಇದರ ಸೂತ್ರ ಗುಟ್ಟಿನದಲ್ಲ. ಒಂದು ಲೀಟರ್‌ಗೆ ಮೆಟಾಲ್ 2 ಗ್ರಾಂ, ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೋಕ್ವಿನೋನ್ 5 ಗ್ರಾಂ, ಬೋರಾಕ್ಸ್ 2 ಗ್ರಾಂ. ಅಷ್ಟೇ. ಬೋರಾಕ್ಸ್ ಅಂದರೆ ನಮ್ಮ ಅಕ್ಕಸಾಲಿಗರು ಬೆಸುಗೆಗೆ ಬಳಸುವ ಬಿಳಿಗಾರ.

ಈ ನಾಲ್ಕೂ ಏನು ಮಾಡುತ್ತವೆ ಅಂತ ತಿಳಿದುಕೊಂಡರೆ ಮುಂದೆ ತೊಂದರೆ ಬಂದಾಗ ನೀವೇ ಕಾರಣ ಹುಡುಕಬಹುದು. ಮೆಟಾಲ್ ಬೇಗ ಕೆಲಸ ಶುರು ಮಾಡುತ್ತದೆ, ನೆರಳಿನ ಭಾಗವನ್ನು ಎಬ್ಬಿಸುತ್ತದೆ. ಹೈಡ್ರೋಕ್ವಿನೋನ್ ಇಷ್ಟು ಸೌಮ್ಯವಾದ ಕ್ಷಾರದಲ್ಲಿ ಒಂಟಿಯಾಗಿ ಏನೂ ಮಾಡುವುದಿಲ್ಲ. ಆದರೆ ದಣಿದ ಮೆಟಾಲ್‌ಗೆ ಮತ್ತೆ ಶಕ್ತಿ ತುಂಬುತ್ತದೆ. ಹಾಗಾಗಿ ಇವೆರಡೂ ಸೇರಿದಾಗ ಆಗುವ ಕೆಲಸ, ಬೇರೆ ಬೇರೆ ಇದ್ದಾಗ ಆಗುವುದಕ್ಕಿಂತ ಎಷ್ಟೋ ಜಾಸ್ತಿ. ಸಲ್ಫೈಟ್ ಗಾಳಿಯಿಂದ ಇವೆರಡನ್ನೂ ಕಾಯುತ್ತದೆ, ಅದರ ಜೊತೆಗೆ ಬೆಳ್ಳಿ ಲವಣದ ಹರಳಿನ ಅಂಚನ್ನು ಸ್ವಲ್ಪ ಕರಗಿಸುತ್ತದೆ. ಗ್ರೇನ್ ನಯವಾಗಿ ಕಾಣುವುದಕ್ಕೆ ಅದೇ ಕಾರಣ. ಬಿಳಿಗಾರ ಕ್ಷಾರ ಒದಗಿಸುತ್ತದೆ. ಕ್ಷಾರ ಇಲ್ಲದಿದ್ದರೆ ಡೆವಲಪರ್ ಏಳುವುದೇ ಇಲ್ಲ.

ಈಗ ಬಿಸಿಲಿಗೆ ಬರೋಣ.

ಫಿಲ್ಮ್ ತೊಳೆಯುವ ಬಗ್ಗೆ ನೀವು ಓದುವುದು, ನೋಡುವುದು ಎಲ್ಲ ತಂಪು ದೇಶದವರು ಹೇಳಿದ್ದು. ಅವರಿಗೆ 20 ಡಿಗ್ರಿ ಅಂದರೆ ನಲ್ಲಿ ತಿರುಗಿಸಿ ಒಂದಿಷ್ಟು ಬಿಸಿನೀರು ಬೆರೆಸಿದರೆ ಸಿಗುವಂಥದ್ದು. ನಮ್ಮಲ್ಲಿ ಮೇ ತಿಂಗಳ ಮಧ್ಯಾಹ್ನ ತಾರಸಿ ಮೇಲಿನ ಕಪ್ಪು ಟ್ಯಾಂಕಿನಿಂದ ಬರುವ ನೀರಿಗೆ ಕೈ ಒಡ್ಡಿ ನೋಡಿ, ಸ್ನಾನಕ್ಕೆ ಗೀಸರ್ ಬೇಕಾಗಿಲ್ಲ. ಬಳ್ಳಾರಿ, ರಾಯಚೂರು, ಕೊಪ್ಪಳ, ಮೂರೂ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುವುದು ಸಾಮಾನ್ಯ. ಅಲ್ಲಿ 20 ಡಿಗ್ರಿ ಹಿಡಿಯುತ್ತೇನೆ ಅಂತ ಹಠ ಮಾಡಿದರೆ ಏನಾಗುತ್ತದೆ? ಐಸ್ ಹಾಕಿ ಡೆವಲಪರ್ ತಣ್ಣಗೆ ಮಾಡುತ್ತೀರಿ. ಅದನ್ನು ಟ್ಯಾಂಕಿಗೆ, ಅಂದರೆ ರೀಲಿಗೆ ಸುತ್ತಿದ ಫಿಲ್ಮ್ ಇಟ್ಟು ತೊಳೆಯುವ ಡಬ್ಬಿಗೆ, ಸುರಿಯುತ್ತೀರಿ. ಟ್ಯಾಂಕೂ ಬಿಸಿ, ರೀಲೂ ಬಿಸಿ, ಕೋಣೆಯೂ ಬಿಸಿ. ಹತ್ತು ನಿಮಿಷದಲ್ಲಿ 20 ಹೋಗಿ 23 ಆಗಿರುತ್ತದೆ. ನೀವು ಮಾತ್ರ 20ರ ಲೆಕ್ಕದಲ್ಲೇ ಗಡಿಯಾರ ನೋಡುತ್ತಿರುತ್ತೀರಿ. ನೆಗೆಟಿವ್ ದಪ್ಪಗಾಗಿ, ಆಕಾಶ ಎಲ್ಲ ಕಪ್ಪು ಕಟ್ಟಿಕೊಂಡು ಬರುತ್ತದೆ. ಮುಂದಿನ ಸಲ ಬೇರೆ ಡೆವಲಪರ್ ತರಿಸುತ್ತೀರಿ. ತಪ್ಪು ಡೆವಲಪರ್‌ದಲ್ಲ, ಸ್ವಾಮಿ.

24 ಡಿಗ್ರಿ ಹಾಗಲ್ಲ. ಕೋಣೆಗೂ ಅದಕ್ಕೂ ಅಂತರ ಕಡಿಮೆ, ಹಾಗಾಗಿ ಹತ್ತು ನಿಮಿಷ ಅಲ್ಲಾಡದೆ ನಿಲ್ಲಿಸಬಹುದು. ಫಿಲ್ಮ್‌ಗೆ ಬೇಕಾಗಿರುವುದೂ ಅದೇ: ಪ್ರತಿ ಸಲವೂ ಅದೇ ಬಿಸಿ. ನಿಮ್ಮಿಂದ ಪ್ರತಿ ಸಲ ಹಿಡಿಯಲಾಗುವ ಅಂಕಿಯೇ ನಿಮಗೆ ಸರಿಯಾದ ಅಂಕಿ.

ಬಿಸಿ ಏರಿದರೆ ಸಮಯ ಇಳಿಸಬೇಕು. ಒಂದು ಡಿಗ್ರಿಗೆ ಹತ್ತತ್ತಿರ ನೂರಕ್ಕೆ ಹತ್ತರಷ್ಟು. ಲೆಕ್ಕ ಮಾಡಿ ನೋಡೋಣ. ಇಲ್ಫರ್ಡ್‌ನ ಎಚ್‌ಪಿ5 ಪ್ಲಸ್ ಫಿಲ್ಮನ್ನು ಕ್ಯಾಮೆರಾದಲ್ಲಿ ಐಎಸ್‌ಒ 400ಕ್ಕೇ ಇಟ್ಟು ತೆಗೆದಿದ್ದರೆ, ಐಡಿ-11 ನೀರು ಬೆರೆಸದೆ 20 ಡಿಗ್ರಿಯಲ್ಲಿ ಏಳೂವರೆ ನಿಮಿಷ, ಒಂದಕ್ಕೊಂದು ನೀರು ಬೆರೆಸಿದರೆ 13 ನಿಮಿಷ, ಒಂದಕ್ಕೆ ಮೂರು ಬೆರೆಸಿದರೆ 20 ನಿಮಿಷ. ಇದು ಇಲ್ಫರ್ಡ್‌ನವರ ಪಟ್ಟಿಯಲ್ಲಿ ಇರುವುದು. 24 ಡಿಗ್ರಿಗೆ ಬಂದರೆ ಏಳೂವರೆ ಹೋಗಿ ಐದು ಚಿಲ್ಲರೆ ಆಗುತ್ತದೆ, 13 ಹೋಗಿ ಸುಮಾರು 9 ಆಗುತ್ತದೆ. ಈಗ ಇನ್ನೊಂದು ಮಾತು ನೆನಪಿಡಿ. ಐದು ನಿಮಿಷಕ್ಕಿಂತ ಕಡಿಮೆ ಹೊತ್ತು ತೊಳೆಯಬೇಡಿ, ಡೆವಲಪರ್ ಎಲ್ಲ ಕಡೆ ಸಮನಾಗಿ ಹಿಡಿಯುವ ಮೊದಲೇ ಕೆಲಸ ಮುಗಿದುಹೋಗಿ ಆಕಾಶದಲ್ಲಿ ಪಟ್ಟೆ ಬೀಳುತ್ತವೆ. ಹಾಗಾಗಿ ನೀರು ಬೆರೆಸದ ಡೆವಲಪರ್ ನಮ್ಮ ಬೇಸಿಗೆಗೆ ತೀರಾ ಅಂಚಿಗೆ ಬರುತ್ತದೆ. ಒಂದಕ್ಕೊಂದು ಬೆರೆಸಿದರೆ 9 ನಿಮಿಷ, ಆರಾಮಾಗಿ ಕೆಲಸ ಮಾಡಬಹುದು. ಒಂದು ವೇಳೆ ಕರೆಂಟೂ ಇಲ್ಲ, ಐಸೂ ಇಲ್ಲ, ನೀರು 28ಕ್ಕಿಂತ ಕೆಳಗೆ ಇಳಿಯುತ್ತಿಲ್ಲ ಅಂದರೆ ಒಂದಕ್ಕೆ ಮೂರು ಬೆರೆಸಿ. ಆ 20 ನಿಮಿಷ ಇಳಿದು ಎಂಟೂವರೆ ಒಂಬತ್ತರ ಹತ್ತಿರ ನಿಲ್ಲುತ್ತದೆ. ನೀರು ಬೆರೆಸುವುದು ದುಡ್ಡು ಉಳಿಸಲಿಕ್ಕೆ ಅಂತ ಎಲ್ಲರೂ ಹೇಳುತ್ತಾರೆ. ನಮ್ಮ ಕಡೆ ಅದು ಬಿಸಿಲನ್ನು ಗೆಲ್ಲುವ ದಾರಿ.

ಬೆರೆಸಿದ್ದನ್ನು ಒಂದೇ ಸಲ ಬಳಸಿ ಚೆಲ್ಲಬೇಕು. ಮತ್ತೆ ಬಾಟಲಿಗೆ ಸುರಿಯಬೇಡಿ. ಪ್ರತಿ ರೋಲ್‌ಗೂ ಹೊಸ ಡೆವಲಪರ್ ಸಿಕ್ಕಿದ ಹಾಗಾಯಿತು, 'ಇದರಲ್ಲಿ ಎಷ್ಟು ರೋಲ್ ತೊಳೆದೆ' ಅನ್ನುವ ತಲೆನೋವು ಇಲ್ಲ. ಗ್ರೇನ್ ಒಂಚೂರು ಎದ್ದು ಕಾಣುತ್ತದೆ, ಯಾಕಂದರೆ ಸಲ್ಫೈಟ್ ಅರ್ಧ ಆಯಿತಲ್ಲ. ಆದರೆ ಅಂಚುಗಳು ಚುರುಕಾಗುತ್ತವೆ. ನನಗೆ ಇದೇ ಇಷ್ಟ. ಬಳ್ಳಾರಿ ಗುಡ್ಡದ ಬಂಡೆಗೆ ಗ್ರೇನ್ ಇದ್ದರೇ ಚೆಂದ.

ಪ್ರಮಾಣದ ಒಂದು ಮಾತು. 36 ಫ್ರೇಮಿನ ಒಂದು ರೋಲ್‌ಗೆ ಸುಮಾರು 240 ಎಂಎಲ್ ಸ್ಟಾಕ್, ಅಂದರೆ ನೀರು ಬೆರೆಸದ ಡೆವಲಪರ್, ಇರಬೇಕು ಅಂತ ಕೊಡಕ್‌ನವರ ಲೆಕ್ಕ. ಒಂದು ರೀಲಿನ ಚಿಕ್ಕ ಟ್ಯಾಂಕ್ ಹಿಡಿಯುವುದೇ 300 ಎಂಎಲ್, ಅದರಲ್ಲಿ ಅರ್ಧ ನೀರು ಅಂದರೆ ಸ್ಟಾಕ್ 150 ಮಾತ್ರ ಆಯಿತು. ಆದ್ದರಿಂದ ಎರಡು ರೀಲಿನ ಟ್ಯಾಂಕ್ ತಗೊಳ್ಳಿ. ಕೆಳಗಿನ ರೀಲಿಗೆ ಫಿಲ್ಮ್ ಸುತ್ತಿ, ಮೇಲೆ ಖಾಲಿ ರೀಲ್ ಇಡಿ, ಫಿಲ್ಮ್ ರೀಲ್ ಮೇಲಕ್ಕೆ ಜಾರದ ಹಾಗೆ. 250 ಸ್ಟಾಕ್, 250 ನೀರು. ಒಂದು ಲೀಟರ್ ಸ್ಟಾಕ್‌ನಲ್ಲಿ ನಾಲ್ಕು ರೋಲ್.

24 ಹಿಡಿಯುವುದು ಹೇಗೆ? ನಾನು ಕೆಲಸ ಕಲಿತ ಸ್ಟುಡಿಯೋದಲ್ಲಿ ಎಸಿ ಇರಲಿಲ್ಲ. ಡಾರ್ಕ್ ರೂಮಿನ ಮೂಲೆಯಲ್ಲಿ ಮರಳಿನ ಮೇಲೆ ಒಂದು ಗಡಿಗೆ, ಅದಕ್ಕೆ ಸುತ್ತಿದ ಒದ್ದೆ ಗೋಣಿತಾಟು. ರಾತ್ರಿ ತುಂಬಿಟ್ಟ ನೀರು ಬೆಳಗ್ಗೆ ಬೆರಳಿಗೆ ಚುರುಕ್ ಅನ್ನುವಷ್ಟು ತಣ್ಣಗಿರುತ್ತಿತ್ತು. ನಮ್ಮ ಗಾಳಿ ಒಣ ಗಾಳಿ, ಗಡಿಗೆ ಬೆವರಿದ್ದು ಬೇಗ ಆರುತ್ತದೆ, ಆರುವಾಗ ಒಳಗಿನ ಬಿಸಿಯನ್ನು ಎಳೆದುಕೊಂಡು ಹೋಗುತ್ತದೆ. ಮಂಗಳೂರಿನವರಿಗೆ ಈ ಭಾಗ್ಯ ಇಲ್ಲ. ಯಜಮಾನರು ಬೇಸಿಗೆಯಲ್ಲಿ ಫಿಲ್ಮ್ ತೊಳೆಯುತ್ತಿದ್ದದ್ದು ಬೆಳಗಿನ ಜಾವ, ಹಾಲಿನವನು ಬರುವ ಮೊದಲು. ಮಧ್ಯಾಹ್ನ ಯಾರೇ ಬಂದು ಅರ್ಜೆಂಟ್ ಅಂದರೂ 'ನಾಳೆ ಬಾರಪ್ಪಾ' ಅಂತಲೇ ಹೇಳುತ್ತಿದ್ದರು.

ನೀವು ಹೀಗೆ ಮಾಡಿ. ದೊಡ್ಡ ಪ್ಲಾಸ್ಟಿಕ್ ಟಬ್‌ಗೆ ಗಡಿಗೆ ನೀರು ತುಂಬಿ. ಡೆವಲಪರ್, ಸ್ಟಾಪ್ (ಡೆವಲಪರ್ ಕೆಲಸ ನಿಲ್ಲಿಸುವ ದ್ರಾವಣ), ಫಿಕ್ಸರ್ (ಚಿತ್ರವನ್ನು ಸ್ಥಿರ ಮಾಡುವ ದ್ರಾವಣ), ತೊಳೆಯುವ ನೀರು, ಖಾಲಿ ಟ್ಯಾಂಕ್, ಎಲ್ಲವನ್ನೂ ಅದರಲ್ಲಿ ಅರ್ಧ ಮುಳುಗಿಸಿ ಒಂದು ಗಂಟೆ ಬಿಡಿ. ಇನ್ನೂ ತಣ್ಣಗಾಗಬೇಕಿದ್ದರೆ ನೀರಿನ ಬಾಟಲಿಯನ್ನು ಫ್ರೀಜರ್‌ನಲ್ಲಿ ಗಟ್ಟಿ ಮಾಡಿ, ಮುಚ್ಚಳ ಹಾಕಿದ ಹಾಗೆಯೇ ಟಬ್‌ನಲ್ಲಿ ತೇಲಿಬಿಡಿ. ಐಸನ್ನು ಡೆವಲಪರ್ ಒಳಗೇ ಹಾಕಬಾರದು, ಕರಗಿ ನೀರಾಗಿ ನಿಮ್ಮ ಅಳತೆ ಕೆಡಿಸುತ್ತದೆ. ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ನಡೆಯುವುದಿಲ್ಲ, ಅದು ಶುರುವಾಗುವುದೇ ನಮಗೆ ಬೇಕಾದ ಬಿಸಿಗಿಂತ ಎಷ್ಟೋ ಮೇಲೆ. ಲ್ಯಾಬ್ ಸಾಮಾನಿನ ಅಂಗಡಿಯ ಗಾಜಿನ ಥರ್ಮಾಮೀಟರ್ ಸಾಕು.

ಎಲ್ಲ ಬಾಟಲಿಯೂ ಒಂದೇ ಬಿಸಿಯಲ್ಲಿ ಇರಬೇಕು ಅಂದೆನಲ್ಲ, ಅದು ಬರೀ ಶಿಸ್ತಿಗೆ ಹೇಳಿದ್ದಲ್ಲ. ಫಿಲ್ಮ್ ಮೇಲಿನ ಪದರ ಜೆಲಾಟಿನ್. ಬಿಸಿನೀರಲ್ಲಿ ಉಬ್ಬುತ್ತದೆ, ತಣ್ಣೀರಲ್ಲಿ ಮುದುಡುತ್ತದೆ. 24ರ ಡೆವಲಪರ್‌ನಿಂದ ತೆಗೆದು ನೇರ 35ರ ನಲ್ಲಿ ನೀರಿಗೆ ಹಿಡಿದರೆ ಅದು ಸಣ್ಣಗೆ ಬಿರಿದು ಸುಕ್ಕಾಗಬಹುದು. ಹಿಂದಿನ ಕಾಲದ ಗಾಜಿನ ಪ್ಲೇಟುಗಳಲ್ಲಂತೂ ಅಂಚಿನಲ್ಲಿ ಪದರವೇ ಎದ್ದು ಜಾರುತ್ತಿತ್ತು. ಅದಕ್ಕೇ ಬಿಸಿ ದೇಶದವರಿಗೆ ಅಂತ ಡೆವಲಪರ್‌ಗೆ ಸೋಡಿಯಂ ಸಲ್ಫೇಟ್ ಸೇರಿಸುವ, ಕ್ರೋಮ್ ಆಲಮ್‌ನಲ್ಲಿ ಅದ್ದಿ ಗಟ್ಟಿ ಮಾಡುವ ಪದ್ಧತಿಗಳು ಬಂದವು. ಈಗಿನ ಫಿಲ್ಮ್‌ಗಳನ್ನು ಕಾರ್ಖಾನೆಯಲ್ಲೇ ಗಟ್ಟಿ ಮಾಡಿರುತ್ತಾರೆ, ಅಷ್ಟು ಹೆದರಬೇಕಾಗಿಲ್ಲ.

ಇಲ್ಲಿ ಒಂದು ವಿಷಯ ಹೇಳದೆ ಮುಂದೆ ಹೋಗಲಾರೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಹಂಪಿಯ ಫೋಟೋ ತೆಗೆದ. ಫಿಲ್ಮ್ ಇಲ್ಲ, ಮೇಣ ಹಚ್ಚಿದ ಕಾಗದದ ನೆಗೆಟಿವ್. ಆ ಕಾಗದವನ್ನು ಮೊದಲೇ ಸಿದ್ಧ ಮಾಡಿ ಇಟ್ಟುಕೊಳ್ಳಬಹುದಿತ್ತು, ಹಾಗಾಗಿ ಬಿಸಿ ದೇಶಗಳಲ್ಲಿ ಅಲೆದು ಫೋಟೋ ತೆಗೆಯುವವರಿಗೆ ಅದು ಅನುಕೂಲ. ಡೆವಲಪ್ ಮಾಡುವುದು ಗ್ಯಾಲಿಕ್ ಆಮ್ಲದಲ್ಲಿ, ಗಂಟೆಗಟ್ಟಲೆ. ನಮ್ಮ ಇದೇ ಬಿಸಿಲು, ತುಂಗಭದ್ರೆಯ ಇದೇ ದಂಡೆ. ಆ ಚಿತ್ರಗಳಲ್ಲಿ ಕಲ್ಲಿನ ಒಂದೊಂದು ಗೆರೆಯೂ ಕಾಣುತ್ತದೆ. ಬಿಸಿಲಿಗೆ ತಕ್ಕ ವಿಧಾನ ಆರಿಸಿಕೊಂಡದ್ದರಿಂದ ಆ ಕೆಲಸ ಆಯಿತು.

ಇನ್ನು ನೀರು. ನಮ್ಮ ಬೋರ್‌ವೆಲ್ ನೀರಿನ ಗಡಸು ನಿಮಗೆ ಗೊತ್ತು, ಪಾತ್ರೆಯ ತಳದಲ್ಲಿ ಬಿಳಿ ಕರೆ ಕಟ್ಟುತ್ತದೆ. ಆ ನೀರಲ್ಲಿ ಡೆವಲಪರ್ ಕಲಸಿದರೆ ಸುಣ್ಣದಂಥ ಗಸಿ ಇಳಿಯುತ್ತದೆ, ಫಿಲ್ಮ್ ಮೇಲೆ ಕೂರುತ್ತದೆ. ಪ್ಯಾಕೆಟ್ ಡೆವಲಪರ್‌ನಲ್ಲಿ ಇದನ್ನು ತಡೆಯುವ ಪದಾರ್ಥ ಸೇರಿಸಿರುತ್ತಾರೆ, ಮನೆಯಲ್ಲಿ ಕಲಸಿದ್ದರಲ್ಲಿ ಇರುವುದಿಲ್ಲ. ಊರೂರಿಗೆ ಶುದ್ಧ ಕುಡಿಯುವ ನೀರಿನ ಘಟಕ ಇದೆ ಅಲ್ವಾ, ಕಾಯಿನ್ ಹಾಕಿ ಒಂದು ಕ್ಯಾನ್ ತುಂಬಿಸಿಕೊಂಡು ಬನ್ನಿ. ಡೆವಲಪರ್ ಕಲಸಲು ಮತ್ತು ಕಟ್ಟಕಡೆಯ ತೊಳೆತಕ್ಕೆ ಆ ನೀರು. ಮಧ್ಯದ ತೊಳೆತಕ್ಕೆ ನಲ್ಲಿ ನೀರು ಸಾಕು.

ಮನೆಯಲ್ಲಿ ಕಲಸುವವರಿಗೆ ಈ ಕ್ರಮ. 0.01 ಗ್ರಾಂ ತೋರಿಸುವ ಚಿಕ್ಕ ತಕ್ಕಡಿ ಬೇಕು, ಬಂಗಾರದ ಅಂಗಡಿಯವರ ಹತ್ತಿರ ಇರುವಂಥದ್ದು. ಮುಕ್ಕಾಲು ಲೀಟರ್ ನೀರನ್ನು 50 ಡಿಗ್ರಿಗೆ ಬಿಸಿ ಮಾಡಿ. ಮೊದಲು ತೂಗಿಟ್ಟ ಸಲ್ಫೈಟ್‌ನಿಂದ ಒಂದು ಚಿಟಿಕೆ ಹಾಕಿ. ನಂತರ ಮೆಟಾಲ್, ಪೂರ್ತಿ ಕರಗುವ ತನಕ ನಿಧಾನಕ್ಕೆ ತಿರುಗಿಸಿ. ಆಮೇಲೆ ಉಳಿದ ಸಲ್ಫೈಟ್, ಹೈಡ್ರೋಕ್ವಿನೋನ್, ಕೊನೆಗೆ ಬಿಳಿಗಾರ. ಈ ಕ್ರಮ ಯಾಕೆ ಅಂದರೆ ಸಲ್ಫೈಟ್ ಜಾಸ್ತಿ ಇರುವ ನೀರಲ್ಲಿ ಮೆಟಾಲ್ ಕರಗುವುದಿಲ್ಲ, ಬಿಳಿ ಕಣಗಳಾಗಿ ತೇಲುತ್ತಾ ಇರುತ್ತದೆ, ಎಷ್ಟು ತಿರುಗಿಸಿದರೂ ಅಷ್ಟೇ. ಸಲ್ಫೈಟ್ ಒಂದಿಷ್ಟೂ ಇಲ್ಲದಿದ್ದರೆ ಮೆಟಾಲ್ ಗಾಳಿಗೆ ಕೆಡಲು ಶುರುವಾಗುತ್ತದೆ. ಆ ಒಂದು ಚಿಟಿಕೆ ಅದಕ್ಕೆ. ಕೊನೆಗೆ ತಣ್ಣೀರು ಸೇರಿಸಿ ಒಂದು ಲೀಟರ್ ಮಾಡಿ, ಒಂದು ದಿನ ಬಿಟ್ಟು ಬಳಸಿ.

ಅಂಗಡಿಯಲ್ಲಿ ಹೆಸರು ಸರಿಯಾಗಿ ಹೇಳಿ. ಸಲ್ಫೈಟ್ ಬೇರೆ, ಸಲ್ಫೇಟ್ ಬೇರೆ, ಥಯೋಸಲ್ಫೇಟ್ ಬೇರೆ. ಕೊನೆಯದು ಹೈಪೋ, ಫಿಕ್ಸರ್‌ಗೆ ಬೇಕಾಗುವುದು. ಚೀಟಿ ಬರೆದುಕೊಂಡು ಹೋಗಿ. ಸಲ್ಫೈಟ್‌ನಲ್ಲೂ ಪುಡಿ ಮತ್ತು ಹರಳು ಅಂತ ಎರಡು ಬಗೆ. ನೀರಿನಂಶ ಇಲ್ಲದ ಪುಡಿಯಾದರೆ 100 ಗ್ರಾಂ, ನೀರಿನಂಶ ಇರುವ ಹರಳಾದರೆ 200 ಗ್ರಾಂ. ಮೆಟಾಲ್ ಕೆಲವರ ಚರ್ಮಕ್ಕೆ ಆಗಿಬರುವುದಿಲ್ಲ, ತುರಿಕೆ, ಬಿರುಕು ಬರುತ್ತದೆ. ಒಮ್ಮೆ ಬಂದರೆ ಪ್ರತಿ ಸಲವೂ ಬರುತ್ತದೆ. ಕೈಗವಸು ಹಾಕಿಕೊಳ್ಳಿ. ಅಡುಗೆಮನೆಯ ಸೌಟು, ಚೊಂಬು, ಲೋಟ ಯಾವುದನ್ನೂ ಇದಕ್ಕೆ ತರಬೇಡಿ. ತಂದದ್ದು ಮತ್ತೆ ಅಡುಗೆಮನೆಗೆ ಹೋಗಕೂಡದು.

ಸ್ಟಾಕ್ ಬಾಟಲಿ ಕುತ್ತಿಗೆ ತನಕ ತುಂಬಿರಬೇಕು. ಹಾಗಿದ್ದರೆ ಆರು ತಿಂಗಳು, ಅರ್ಧ ಖಾಲಿ ಇದ್ದರೆ ಎರಡೇ ತಿಂಗಳು. ಒಂದು ಲೀಟರನ್ನು 250 ಎಂಎಲ್‌ನ ನಾಲ್ಕು ಗಾಜಿನ ಬಾಟಲಿಗೆ ಹಂಚಿಬಿಡಿ. ಒಂದು ಬಾಟಲಿ, ಒಂದು ರೋಲ್. ತಂಪಾದ, ಕತ್ತಲ ಜಾಗದಲ್ಲಿ ಇಡಿ, ತಾರಸಿ ಕೋಣೆಯಲ್ಲಿ ಬೇಡ. ಇನ್ನೊಂದು ವಿಚಿತ್ರ: ಡಿ-76 ಇಟ್ಟಷ್ಟು ದಿನ ಸ್ವಲ್ಪ ಜೋರಾಗುತ್ತಲೂ ಹೋಗಬಹುದು. ಒಳಗಿನ ಹೈಡ್ರೋಕ್ವಿನೋನ್, ಸಲ್ಫೈಟ್, ಗಾಳಿ ಸೇರಿ ಕ್ಷಾರ ಹೆಚ್ಚಾಗುತ್ತದೆ. ತಿಂಗಳುಗಟ್ಟಲೆ ಇಟ್ಟದ್ದರಲ್ಲಿ ನೆಗೆಟಿವ್ ದಪ್ಪ ಬಂದರೆ ಆಶ್ಚರ್ಯ ಪಡಬೇಡಿ.

ಟ್ಯಾಂಕ್ ಅಲ್ಲಾಡಿಸುವ ಬಗ್ಗೆ ಜಗಳವೇ ನಡೆಯುತ್ತವೆ. ಡೆವಲಪರ್ ಸುರಿದ ಕೂಡಲೇ ಹತ್ತು ಸೆಕೆಂಡಿನಲ್ಲಿ ನಾಲ್ಕು ಸಲ ಮಗುಚಿ, ಆಮೇಲೆ ಪ್ರತಿ ನಿಮಿಷದ ಶುರುವಿಗೆ ನಾಲ್ಕು ಸಲ. ಪ್ರತಿ ಸಲ ಮಗುಚಿದ ಮೇಲೆ ಟ್ಯಾಂಕನ್ನು ಕಟ್ಟೆಗೆ ಒಮ್ಮೆ ಕುಟ್ಟಿ, ಗಾಳಿ ಗುಳ್ಳೆ ಬಿಡಲಿ. ಈ ಪದ್ಧತಿಯೇ ಸರಿ ಅಂತ ಅಲ್ಲ, ಬೇರೆಯೂ ಇವೆ. ಒಂದನ್ನು ಹಿಡಿದರೆ ಅದನ್ನೇ ಹಿಡಿಯಿರಿ. ಅಂಗೈ ಬಿಸಿ ಟ್ಯಾಂಕಿಗೆ ತಾಗುತ್ತದೆ, ಮಗುಚುವಾಗ ಮುಚ್ಚಳ ಮತ್ತು ತಳ ಮಾತ್ರ ಹಿಡಿಯಿರಿ, ಮಧ್ಯದಲ್ಲಿ ಟಬ್‌ಗೆ ವಾಪಸ್ ಇಡಿ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಭಾಗ. ಡೆವಲಪರ್ ಬಗ್ಗೆ ಯೋಚನೆ ಶುರುವಾಗಬೇಕಾದದ್ದು ಕ್ಯಾಮೆರಾ ಒತ್ತುವಾಗಲೇ. ಕೊಪ್ಪಳ ಜಿಲ್ಲೆಯ ಇಟಗಿ ಮಹಾದೇವ ದೇವಾಲಯ ನೋಡಿದ್ದೀರಿ ತಾನೆ? 1112ರದು, ಚಾಲುಕ್ಯ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು, ಶಾಸನದಲ್ಲೇ ದೇವಾಲಯ ಚಕ್ರವರ್ತಿ ಅಂತ ಕರೆದಿದ್ದಾರೆ. ಹನ್ನೊಂದು ಗಂಟೆಗೆ ಹೋಗಿ ನಿಂತರೆ ಹೊರಗೆ ಕಣ್ಣು ಬಿಡಲಾಗದ ಬೆಳಕು, ಮಂಟಪದ ಒಳಗೆ ನೆರಳಲ್ಲಿ ನುಣ್ಣಗೆ ಕಡೆದ ಕಪ್ಪು ಕಂಬಗಳು. ಮೀಟರ್ ಹೇಳಿದ ಹಾಗೆ ತೆಗೆದು ಪಟ್ಟಿಯಲ್ಲಿ ಇದ್ದಷ್ಟು ಹೊತ್ತು ತೊಳೆದರೆ ಕಂಬ ನೆಗೆಟಿವ್‌ನಲ್ಲಿ ಬರೀ ಪಾರದರ್ಶಕ, ಏನೂ ಇಲ್ಲ. ಹೊರಗಿನ ಅಂಗಳ ದಪ್ಪ ಕಪ್ಪು. ಪ್ರಿಂಟ್ ಮಾಡುವವನು ಅಳಬೇಕು.

ನೆರಳಲ್ಲಿ ಏನು ದಾಖಲಾಗುತ್ತದೆ ಅನ್ನುವುದು ಕ್ಯಾಮೆರಾದಲ್ಲೇ ನಿಶ್ಚಯವಾಗುತ್ತದೆ. ಬೆಳಕು ಬೀಳದ ಕಡೆ ಡೆವಲಪರ್ ಏನೂ ಹುಟ್ಟಿಸಲಾರದು, ಎಷ್ಟೇ ಹೊತ್ತು ಇಡಿ. ಬೆಳಕಿನ ಭಾಗ ಎಷ್ಟು ದಪ್ಪ ಆಗುತ್ತದೆ ಅನ್ನುವುದು ಮಾತ್ರ ಟ್ಯಾಂಕಿನ ಕೈಯಲ್ಲಿದೆ. ಆದ್ದರಿಂದ ನಮ್ಮ ಬಿಸಿಲಲ್ಲಿ 400ರ ಫಿಲ್ಮನ್ನು 200ಕ್ಕೆ ಇಟ್ಟು ತೆಗೆಯಿರಿ, ಅಂದರೆ ಒಂದು ಸ್ಟಾಪ್ ಜಾಸ್ತಿ, ಎರಡರಷ್ಟು ಬೆಳಕು. ತೊಳೆಯುವಾಗ ನೂರಕ್ಕೆ ಇಪ್ಪತ್ತರಷ್ಟು ಸಮಯ ಕಡಿಮೆ ಮಾಡಿ, 9 ನಿಮಿಷದ ಜಾಗದಲ್ಲಿ 7 ನಿಮಿಷ 15 ಸೆಕೆಂಡ್. ಕಂಬದ ಕಡೆತದ ಗೆರೆಯೂ ಬರುತ್ತದೆ, ಅಂಗಳದ ಕಲ್ಲಿನ ಸಂದಿಯೂ ಬರುತ್ತದೆ. ಮಳೆಗಾಲದ ಮೋಡದ ದಿನ ಇದನ್ನು ಮಾಡಬೇಡಿ, ಚಪ್ಪೆ ಆಗುತ್ತದೆ.

ನೆಗೆಟಿವ್ ಬಂದ ಮೇಲೆ ಓದಲು ಕಲಿಯಿರಿ. ಫ್ರೇಮ್ ನೋಡುವ ಮೊದಲು ಅಂಚು ನೋಡಿ. ಅಲ್ಲಿ ಫಿಲ್ಮ್ ಹೆಸರು, ಫ್ರೇಮ್ ನಂಬರ್ ಇರುತ್ತದೆ. ಅದನ್ನು ಕಾರ್ಖಾನೆಯವರೇ ಬೆಳಕು ಕೊಟ್ಟು ಬರೆದಿರುತ್ತಾರೆ, ನಿಮ್ಮ ಕ್ಯಾಮೆರಾಕ್ಕೂ ಅದಕ್ಕೂ ಸಂಬಂಧ ಇಲ್ಲ. ಅಂಚಿನ ಅಕ್ಷರ ಚೆನ್ನಾಗಿ ಕಪ್ಪಾಗಿದ್ದು ಫ್ರೇಮ್ ತೆಳ್ಳಗಿದ್ದರೆ ತೊಳೆದದ್ದು ಸರಿ ಇದೆ, ಬೆಳಕು ಕಮ್ಮಿ ಕೊಟ್ಟಿದ್ದೀರಿ. ಅಕ್ಷರವೂ ಮಾಸಿದ ಹಾಗಿದ್ದರೆ ಡೆವಲಪರ್ ಕಡೆ ಏನೋ ಆಗಿದೆ: ಹಳೆಯದಾಗಿದೆ, ತಣ್ಣಗಿತ್ತು, ಇಲ್ಲಾ ಸಮಯ ಸಾಲಲಿಲ್ಲ. ಇದೊಂದು ಗೊತ್ತಿದ್ದರೆ ಸುಮ್ನೆ ಡೆವಲಪರ್ ಬದಲಾಯಿಸುವ ಚಟ ಅರ್ಧ ನಿಲ್ಲುತ್ತದೆ.

ಬೇರೆ ಡೆವಲಪರ್‌ಗಳು ಕೆಟ್ಟವು ಅಂತ ನಾನು ಹೇಳುವುದಿಲ್ಲ. ರೋಡಿನಲ್ 1891ರಿಂದ ಇದೆ, ಡಿ-76ಕ್ಕಿಂತ ಹಳೆಯದು. ದ್ರವ ರೂಪ, ತೆರೆದ ಬಾಟಲಿಯೂ ವರ್ಷಗಟ್ಟಲೆ ಕೆಡುವುದಿಲ್ಲ. ಎರಡು ತಿಂಗಳಿಗೆ ಒಂದು ರೋಲ್ ತೆಗೆಯುವವರಾಗಿದ್ದರೆ ನಿಜವಾಗಿ ನಿಮಗೆ ಅದೇ ಒಳ್ಳೆಯದು. ಒಂದಕ್ಕೆ ಐವತ್ತು ನೀರು, ಅರ್ಧ ಲೀಟರ್‌ಗೆ 10 ಎಂಎಲ್, ಸಿರಿಂಜ್‌ನಲ್ಲಿ ಅಳೆಯಿರಿ. ಚಿತ್ರ ಚುರುಕು, ಗ್ರೇನ್ ದಪ್ಪ. 100ರ ಫಿಲ್ಮ್‌ಗೆ ಸೊಗಸು, 400ಕ್ಕೆ ಎಲ್ಲರಿಗೂ ಹಿಡಿಸುವುದಿಲ್ಲ. ಡಿ-23 ಅಂತ ಇನ್ನೊಂದು, ಮೆಟಾಲ್ ಏಳೂವರೆ ಗ್ರಾಂ, ಸಲ್ಫೈಟ್ 100 ಗ್ರಾಂ, ಎರಡೇ ಪದಾರ್ಥ. ಮೃದುವಾದ ಕಾಂಟ್ರಾಸ್ಟ್. ಡಿ-76ರಲ್ಲಿ ಒಂದು ವರ್ಷ ಪಳಗಿದ ಮೇಲೆ ಅದನ್ನು ಮಾಡಿ ನೋಡಿ, ನಮ್ಮ ಬಿಸಿಲಿಗೆ ಬಹಳ ಚೆನ್ನಾಗಿ ಹೊಂದುತ್ತದೆ.

ಇನ್ನು ನೀವು ಕೇಳಿದ ಪ್ರಶ್ನೆಗಳು.

'ಸ್ಟಾಪ್ ಬಾತ್‌ಗೆ ವಿನೆಗರ್ ಆಗತ್ತಾ ಸರ್?' ಆಗುತ್ತದೆ. ಬಣ್ಣ ಇಲ್ಲದ ಬಿಳಿ ವಿನೆಗರ್, ಒಂದು ಪಾಲಿಗೆ ಎರಡು ಪಾಲು ನೀರು. ಅರ್ಧ ನಿಮಿಷ ಸಾಕು. 24 ಡಿಗ್ರಿಯಲ್ಲಿ ಡೆವಲಪರ್ ಚುರುಕಾಗಿ ಓಡುತ್ತಿರುತ್ತದೆ, ಅದನ್ನು ತಟ್ಟನೆ ನಿಲ್ಲಿಸುವುದು ನಮ್ಮಲ್ಲಿ ಜಾಸ್ತಿ ಅಗತ್ಯ.

'ಅಣ್ಣಾ, ನಲ್ಲಿ ನೀರು ವಾರಕ್ಕೊಮ್ಮೆ ಬರತ್ತೆ. ಹರಿಯೋ ನೀರಲ್ಲಿ ಅರ್ಧ ಗಂಟೆ ತೊಳೆಯೋಕೆ ಎಲ್ಲಿಂದ ತರೋದು?' ತರಬೇಡಿ. ಇಲ್ಫರ್ಡ್‌ನವರದೇ ಒಂದು ವಿಧಾನ ಇದೆ. ಫಿಕ್ಸ್ ಆದ ಮೇಲೆ ಟ್ಯಾಂಕಿಗೆ ಅದೇ ಬಿಸಿಯ ನೀರು ತುಂಬಿ ಐದು ಸಲ ಮಗುಚಿ ಚೆಲ್ಲಿ. ಮತ್ತೆ ತುಂಬಿ ಹತ್ತು ಸಲ. ಮತ್ತೆ ತುಂಬಿ ಇಪ್ಪತ್ತು ಸಲ. ನಾನು ಅದರ ಮೇಲೆ ಇನ್ನೊಂದು ಸಲ ಘಟಕದ ನೀರು ತುಂಬಿ ತೆಗೆಯುತ್ತೇನೆ. ಎರಡು ಲೀಟರ್‌ನಲ್ಲಿ ಮುಗಿಯಿತು.

'ಒಣಗಿಸುವಾಗ ಧೂಳು?' ಗಣಿ ಲಾರಿ ಓಡಾಡುವ ರಸ್ತೆ ಪಕ್ಕದವರಿಗೆ ನಿಜಕ್ಕೂ ಕಷ್ಟ. ಬಚ್ಚಲುಮನೆಯ ಗೋಡೆ, ನೆಲಕ್ಕೆ ನೀರು ಚೆಲ್ಲಿ, ಹತ್ತು ನಿಮಿಷ ಬಿಟ್ಟು, ಕಿಟಕಿ ಮುಚ್ಚಿ ಅಲ್ಲಿ ನೇತುಹಾಕಿ. ಫ್ಯಾನ್ ಹಾಕಬೇಡಿ. ಒದ್ದೆ ಗಾಳಿಯಲ್ಲಿ ಧೂಳು ಕೆಳಗೆ ಕೂರುತ್ತದೆ, ಫಿಲ್ಮ್ ಕೂಡ ತೀರಾ ಬೇಗ ಒಣಗಿ ಸುರುಳಿಯಾಗುವುದಿಲ್ಲ.

'ಕಾಫಿ ಪುಡಿಯಲ್ಲೂ ತೊಳೀಬಹುದಂತೆ, ನಿಜಾನಾ?' ನಿಜ. ಇನ್‌ಸ್ಟಂಟ್ ಕಾಫಿ, ವಾಷಿಂಗ್ ಸೋಡಾ, ವಿಟಮಿನ್ ಸಿ. ಚಿತ್ರ ಬರುತ್ತದೆ. ಆದರೆ ಒಂದೊಂದು ಕಾಫಿ ಪುಡಿ ಒಂದೊಂದು ಥರ, ನಿನ್ನೆಯ ಫಲಿತಾಂಶ ಇವತ್ತು ಬರುತ್ತದೆ ಅಂತ ಹೇಳಲಾಗದು. ಮಕ್ಕಳಿಗೆ ತೋರಿಸಲು ಒಳ್ಳೆಯದು. ಮದುವೆಯ ರೋಲ್ ಅದರಲ್ಲಿ ಹಾಕಬೇಡಿ.

'ಬಳಸಿದ ಹೈಪೋ ಎಲ್ಲಿ ಚೆಲ್ಲೋದು?' ಚರಂಡಿಗೂ ಬೇಡ, ಗಿಡದ ಬುಡಕ್ಕೂ ಬೇಡ. ಅದರಲ್ಲಿ ಬೆಳ್ಳಿ ಇರುತ್ತದೆ. ಒಂದು ಕ್ಯಾನ್‌ನಲ್ಲಿ ಕೂಡಿಡಿ, ಒಳಗೆ ಸ್ಟೀಲ್ ವುಲ್ ಹಾಕಿ, ಕಬ್ಬಿಣ ಕರಗಿ ಬೆಳ್ಳಿ ಕೆಳಗೆ ಇಳಿಯುತ್ತದೆ. ನಾಲ್ಕಾರು ಜನ ಸೇರಿ ಒಂದೇ ಕ್ಯಾನ್ ಇಟ್ಟುಕೊಂಡರೆ ಇನ್ನೂ ಒಳ್ಳೆಯದು.

ಹಿಂದೆ ಕೂತಿದ್ದ ಹುಡುಗಿ ಒಬ್ಬಳು ಕೊನೆಗೆ ಕೇಳಿದಳು, 'ನಮ್ಮಜ್ಜನ ಸ್ಟುಡಿಯೋದಲ್ಲಿ ಡಿ-76 ಬಾಟಲಿ ಸಿಕ್ಕಿದೆ, ಯಾವಾಗ ಕಲಸಿದ್ದೋ ಗೊತ್ತಿಲ್ಲ. ಬಳಸಬಹುದಾ?' ಬಣ್ಣ ನೋಡಮ್ಮ. ಟೀ ಬಣ್ಣಕ್ಕೆ ತಿರುಗಿದ್ದರೆ ಮುಗಿಯಿತು. ತಿಳಿಯಾಗೇ ಇದ್ದರೂ ನಂಬಬೇಡ. ಕ್ಯಾಮೆರಾಕ್ಕೆ ಹಾಕುವಾಗ ಹೊರಗೆ ಚಾಚಿಕೊಂಡಿರುವ ಫಿಲ್ಮ್ ನಾಲಿಗೆ ಇರುತ್ತದಲ್ಲ, ಅದರಿಂದ ಒಂದು ತುಂಡು ಕತ್ತರಿಸಿ ಬೆಳಕಲ್ಲೇ ಆ ಡೆವಲಪರ್‌ನ ಲೋಟಕ್ಕೆ ಅದ್ದು. ಜೊತೆಗೆ ಹೊಸದಾಗಿ ಕಲಸಿದ್ದರಲ್ಲಿ ಇನ್ನೊಂದು ತುಂಡು. ನಿನ್ನ ರೋಲ್‌ಗೆ ಎಷ್ಟು ನಿಮಿಷ ಕೊಡುತ್ತೀಯೋ ಅಷ್ಟೇ ಹೊತ್ತು ಎರಡನ್ನೂ ಇಟ್ಟು, ಫಿಕ್ಸ್ ಮಾಡಿ, ತೊಳೆದು, ಕಿಟಕಿಗೆ ಹಿಡಿದು ನೋಡು. ಎರಡೂ ಒಂದೇ ಕಪ್ಪಾಗಿರಬೇಕು. ಹಳೆಯದರಲ್ಲಿ ಅದ್ದಿದ್ದು ಒಂಚೂರು ಬೂದು ಅನ್ನಿಸಿದರೂ ಆ ಡೆವಲಪರ್ ಚೆಲ್ಲಿಬಿಡು. ಬಾಟಲಿ ಮಾತ್ರ ಇಟ್ಟುಕೋ, ಗಾಜಿನದಾಗಿದ್ದರೆ ಬಿಸಿನೀರಲ್ಲಿ ತೊಳೆದು ನಿನ್ನ ಡಿ-76 ಅದಕ್ಕೇ ತುಂಬು.